ಒಡಿಸ್ಸಿಯಸ್‌ನನ್ನು ಯಾರು ಗುರುತಿಸಿದರು?

ಗ್ರೀಕ್ ಕವಿ ಹೋಮರ್‌ನ ‘ಒಡಿಸ್ಸಿ’ ಕಾವ್ಯದಲ್ಲಿ, ಟ್ರಾಯ್ ಯುದ್ಧಕ್ಕೆ ಹೋದ ರಾಜ ಒಡಿಸ್ಸಿಯಸ್ ತನ್ನ ಇಥಾಕಾ ದ್ವೀಪಕ್ಕೆ ಮರಳುವ ಹೊತ್ತಿಗೆ 20 ವರ್ಷ ಕಳೆದಿರುತ್ತದೆ. ಅಥೀನಾ ದೇವತೆ ಕೋಲು ಮುಟ್ಟಿಸಿದ್ದೇ ತಡ, ಅವನ ಚರ್ಮ ಸುಕ್ಕಾಗುತ್ತದೆ, ಕೂದಲು ಉದುರುತ್ತದೆ, ಕಣ್ಣು ಮಂಕಾಗುತ್ತದೆ. ರಾಜ ಈಗ ಹರಕು ಬಟ್ಟೆಯ ಮುದಿ ಭಿಕ್ಷುಕ. ಮನೆಯಲ್ಲಿ ನೂರಕ್ಕೂ ಹೆಚ್ಚು ಗಂಡಸರು ಅವನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗಲು ಕಾದು ಕೂತಿದ್ದಾರೆ. ಊಟ ಮಾತ್ರ ಅವನ ಖರ್ಚಿನಲ್ಲೇ!

ಪಾಂಡವರು ವಿರಾಟನ ಅರಮನೆಯಲ್ಲಿ ವೇಷ ಮರೆಸಿಕೊಂಡದ್ದು ಸಿಕ್ಕಿಬೀಳಬಾರದು ಅಂತ. ಒಡಿಸ್ಸಿಯಸ್‌ಗೂ ಆ ಭಯ ಇದೆ. ಜೊತೆಗೆ, ಮನೆಯಲ್ಲಿ ಯಾರು ನಂಬಿಕಸ್ತರು ಅಂತ ಅವನು ಪತ್ತೆ ಹಚ್ಚಬೇಕು. ಹಂದಿ ಕಾಯುವ ಯೂಮಿಯಸ್ ಭಿಕ್ಷುಕನಿಗೆ ಊಟ ಹಾಕಿ, ಹೊದೆಯಲು ಕೊಟ್ಟು ಮಲಗಿಸುತ್ತಾನೆ. ಮದುವೆಗೆ ಬಂದವರಲ್ಲಿ ಒಬ್ಬನಾದ ಆಂಟಿನೋಸ್ ಭಿಕ್ಷುಕನ ಮೇಲೆ ಕಾಲುಮಣೆ ಎತ್ತಿ ಎಸೆಯುತ್ತಾನೆ. ಆಗ ಅವನ ಜೊತೆಗಾರರೇ ಹೆದರುತ್ತಾರೆ: ದೇವರುಗಳು ಪರದೇಶಿಗಳ ವೇಷದಲ್ಲಿ ಊರೂರು ತಿರುಗುತ್ತಾರಂತೆ, ಇವನೂ ಅಂಥವನಾದರೆ?

ಟ್ರಾಯ್ ಯುದ್ಧದ ಕತೆ ಹೇಳುವ ಹೋಮರ್‌ನ ಇನ್ನೊಂದು ಕಾವ್ಯ ‘ಇಲಿಯಡ್’ನಲ್ಲಿ ವೇಷ ಇಷ್ಟು ಲಾಭ ತರುವುದಿಲ್ಲ. ಗ್ರೀಕ್ ವೀರ ಅಕಿಲೀಸನ ಕವಚ ತೊಟ್ಟು ಹೋದ ಅವನ ಗೆಳೆಯ ಪೆಟ್ರೋಕ್ಲಸ್ ಸಾಯುತ್ತಾನೆ. ತಮ್ಮನ ರೂಪದಲ್ಲಿ ಬಂದ ಅಥೀನಾಳನ್ನು ನಂಬಿ ಟ್ರಾಯ್‌ನ ವೀರ ಹೆಕ್ಟರ್ ಸಾಯುತ್ತಾನೆ.

ನನಗೆ ಕುತೂಹಲ ಹುಟ್ಟಿಸುವುದು ವೇಷ ಕಳಚುವ ರೀತಿ. ‘ಒಡಿಸ್ಸಿ’ಯಲ್ಲಿ ಮುಖಕ್ಕೆ ಬೆಲೆ ಕಮ್ಮಿ. ಅವನೇ ಸಾಕಿದ ನಾಯಿ ಆರ್ಗೋಸ್ ಸಗಣಿ ರಾಶಿಯ ಮೇಲೆ ಬಿದ್ದಿರುತ್ತದೆ. ಒಡೆಯ ಹತ್ತಿರ ಬಂದದ್ದು ಗೊತ್ತಾಗಿ ಬಾಲ ಅಲ್ಲಾಡಿಸಿ ಸಾಯುತ್ತದೆ. (ನಾಯಿಗೆ 20 ವರ್ಷ ಅಂದರೆ ಆಯಸ್ಸು ಸ್ವಲ್ಪ ಜಾಸ್ತಿಯೇ ಆಯ್ತು. ಇರಲಿ.) ಕಾಲು ತೊಳೆಯಲು ಬಂದ ಮುದಿ ದಾದಿ ಯೂರಿಕ್ಲಿಯಾ, ನಿನ್ನ ಮೈಕಟ್ಟು, ದನಿ, ಪಾದ ಎಲ್ಲ ಒಡಿಸ್ಸಿಯಸ್‌ನ ಹಾಗೇ ಇವೆ ಅನ್ನುತ್ತಾಳೆ. ಹೌದಮ್ಮಾ, ಇಬ್ಬರನ್ನೂ ನೋಡಿದವರೆಲ್ಲ ಹಾಗೇ ಹೇಳ್ತಾರೆ ಅಂತ ಅವನು ಜಾರಿಕೊಳ್ಳುತ್ತಾನೆ. ಒಲೆಯ ಬೆಳಕಿಗೆ ಬೆನ್ನು ಹಾಕಿ ಕೂರುತ್ತಾನೆ. ಆದರೆ ಅವಳ ಕೈಗೆ ಕಾಲಿನ ಹಳೇ ಗಾಯದ ಕಲೆ ತಗಲುತ್ತದೆ, ಕಾಡುಹಂದಿ ತಿವಿದದ್ದು. ಅಲ್ಲಿ ಹೋಮರ್ ಕತೆ ನಿಲ್ಲಿಸಿ, ಆ ಗಾಯ ಹೇಗಾಯಿತೆಂದು ಸುಮಾರು 70 ಸಾಲು ಹೇಳುತ್ತಾನೆ! ಆಮೇಲೆ ಕಾಲು ಕೈಜಾರಿ ಬೋಗುಣಿಗೆ ಬಡಿಯುತ್ತದೆ, ನೀರು ಚೆಲ್ಲುತ್ತದೆ.

ಮಗ ಟೆಲಿಮ್ಯಾಕಸ್‌ಗೆ ಇಂಥ ಯಾವ ಗುರುತೂ ಇಲ್ಲ. ಅಪ್ಪ ಹೋದಾಗ ಅವನು ಹಸುಗೂಸು. ವೇಷ ಕಳಚಿ ನಿಜರೂಪದಲ್ಲಿ ನಿಂತರೂ ಯಾರೋ ದೇವರಿರಬೇಕು ಅಂದುಕೊಳ್ಳುತ್ತಾನೆ. ಪೆನೆಲೊಪಿಯಂತೂ, ಗಂಡ ಸ್ನಾನ ಮಾಡಿ ಮೊದಲಿನಂತಾಗಿ ಬಂದರೂ ಕರಗುವುದಿಲ್ಲ. ಮಂಚವನ್ನು ಹೊರಗೆ ಹಾಕಿ ಅಂತ ಸುಮ್ನೆ ದಾದಿಗೆ ಹೇಳುತ್ತಾಳೆ. ಅವನು ಸಿಟ್ಟಾಗುತ್ತಾನೆ: ಬೇರೂರಿದ ಆಲಿವ್ ಮರದ ಬೊಡ್ಡೆಯನ್ನೇ ಕಾಲು ಮಾಡಿ ನಾನೇ ಕಟ್ಟಿದ ಮಂಚ ಅದು, ಸರಿಸಿದವರು ಯಾರು? ಅವಳಿಗೆ ಬೇಕಿದ್ದದ್ದು ಆ ಸಿಟ್ಟೇ.

ಹೀಗೆ ವೇಷದಲ್ಲಿ ಮನೆಗೆ ಮರಳುವ ಕತೆ ಗ್ರೀಕರ ಸ್ವತ್ತು ಮಾತ್ರ ಅಲ್ಲ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸರಾದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಹಾಡುಗಾರರಿಂದ ಬಾಯಿಪಾಠದ ಕಾವ್ಯಗಳನ್ನು ರೆಕಾರ್ಡ್ ಮಾಡಿಕೊಂಡರು. ಅಲ್ಲೂ ವರ್ಷಗಟ್ಟಲೆ ಸೆರೆಯಲ್ಲಿದ್ದವನು ವೇಷ ಮರೆಸಿಕೊಂಡು, ಹೆಂಡತಿಯ ಮರುಮದುವೆಯ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಕೇಳುವವರಿಗೆ ಅವನು ಯಾರೆಂದು ಮೊದಲೇ ಗೊತ್ತು. ಮಜಾ ಇರುವುದೇ ಅಲ್ಲಿ, ಅಲ್ವಾ?

ಒಂದು ಕಡೆ ಮಾತ್ರ ನನಗೆ ಒಡಿಸ್ಸಿಯಸ್ ಮೇಲೆ ಕೋಪ ಬರುತ್ತದೆ. ಶತ್ರುಗಳೆಲ್ಲ ಸತ್ತ ಮೇಲೆ ತೋಟದಲ್ಲಿ ಒಬ್ಬನೇ ಅಗೆಯುತ್ತಿದ್ದ ಮುದಿ ಅಪ್ಪ ಲಾಯರ್ಟೀಸನ ಮುಂದೆಯೂ ಬೇರೆ ಹೆಸರು ಹೇಳಿ ನಿಲ್ಲುತ್ತಾನೆ. ಅಪ್ಪ ತಲೆಗೆ ಮಣ್ಣು ಸುರಿದುಕೊಂಡು ಅತ್ತ ಮೇಲೆಯೇ ನಿಜ ಹೇಳುವುದು. ಗುರುತಿಗೆ ಕಲೆ ತೋರಿಸಿ, ಚಿಕ್ಕಂದಿನಲ್ಲಿ ಅಪ್ಪ ಕೊಟ್ಟ ಗಿಡಗಳ ಲೆಕ್ಕ ಒಪ್ಪಿಸುತ್ತಾನೆ: 13 ಪೇರ್, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಈ ಪರೀಕ್ಷೆ ಯಾಕೆ ಬೇಕಿತ್ತು ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಸುಳ್ಳು ಅವನಿಗೆ ಚಟವಾಗಿಬಿಟ್ಟಿತ್ತು ಅಂತಲೇ ನನಗನ್ನಿಸುತ್ತದೆ.