ಮೊದಲು ಡಬ್ಬಿಯ ಅಳತೆ ಕೇಳಿ

ನನ್ನ ಮೇಜಿನ ಡ್ರಾಯರ್‌ನಲ್ಲಿ ಯಾವಾಗಲೂ ಒಂದು ಅಳತೆ ಟೇಪ್ ಇರುತ್ತದೆ. ಬಡಗಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಥರದ್ದು. ಕಸ್ಟಮ್ಸ್ ಕ್ಲಿಯರಿಂಗ್ ಮಾಡುವವನಿಗೆ, ಅಂದರೆ ಹೊರದೇಶಕ್ಕೆ ಹೋಗಿ ಬರುವ ಸಾಮಾನಿನ ಸುಂಕದ ಕೆಲಸ ಮುಗಿಸಿಕೊಡುವವನಿಗೆ, ಕಾಗದ, ಸೀಲು, ಕಂಪ್ಯೂಟರ್ ಸಾಕು, ಟೇಪ್ ಯಾಕೆ ಅಂತ ಕೇಳಿದವರಿದ್ದಾರೆ. ಸಂಗೀತ ವಾದ್ಯದ ಪಾರ್ಸೆಲ್ ಬಂದ ದಿನ ಮೊದಲು ಕೈಗೆ ಸಿಗುವುದು ಅದೇ. ಜನ ಡ್ಯೂಟಿ, ಅಂದರೆ ಕಸ್ಟಮ್ಸ್ ಸುಂಕ, ಎಂದರೆ ಹೆದರುತ್ತಾರೆ. ಎಷ್ಟೋ ಸಲ ಡ್ಯೂಟಿಗಿಂತ ಜಾಸ್ತಿ ದುಡ್ಡು ತಿನ್ನುವುದು ಡಬ್ಬಿ.

ಹಾಸನದ ಹುಡುಗನೊಬ್ಬ ಒಮ್ಮೆ ಫೋನ್ ಮಾಡಿದ. ಜಪಾನಿನಿಂದ ಗಿಟಾರ್ ತರಿಸಿದ್ದ. "ಸಾರ್, ಗಿಟಾರಿಗೆ ಐವತ್ತು ಸಾವಿರ, ಕಳಿಸೋಕೆ ಹದಿನಾಲ್ಕು ಸಾವಿರ ಆಗ್ಲೇ ಕಟ್ಟಿದೀನಿ. ಈಗ ಕೊರಿಯರ್‌ನವ್ರು ಇನ್ನೂ ಇಪ್ಪತ್ತು ಸಾವಿರದ ಒಂದು ರೂಪಾಯಿ ಕೇಳ್ತಿದಾರೆ. ಮೋಸ ಅಲ್ವಾ ಇದು?"

ಇಪ್ಪತ್ತು ಸಾವಿರದ ಒಂದು ರೂಪಾಯಿ! ಮದುವೆ ಮನೆಯ ಮುಯ್ಯಿ ಲೆಕ್ಕದ ಹಾಗಿತ್ತು. ಕಾಗದ ಕಳಿಸು ನೋಡೋಣ ಎಂದೆ.

ಮೊದಲು ಆ ಹದಿನಾಲ್ಕು ಸಾವಿರದ ಕಥೆ. ಗಿಟಾರ್, ಡಬ್ಬಿ ಎಲ್ಲ ಸೇರಿ ತೂಕ ಆರು ಕಿಲೋ ದಾಟಿರಲಿಲ್ಲ. ಆದರೆ ವಿಮಾನದಲ್ಲಿ ಮಾರುವುದು ಜಾಗವನ್ನು. ಕೊರಿಯರ್‌ನವರು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಇವನ ಡಬ್ಬಿ 115, 48, 18. ಗುಣಿಸಿದರೆ 99,360. ಭಾಗಿಸಿದರೆ 19.87, ಅಂದರೆ 20 ಕಿಲೋ. ಆರು ಕಿಲೋ ಗಿಟಾರ್ ಇಪ್ಪತ್ತು ಕಿಲೋ ಅಕ್ಕಿ ಮೂಟೆಯ ದರದಲ್ಲಿ ಹಾರಿ ಬಂದಿತ್ತು. ಕೊರಿಯರ್ ಬಿಟ್ಟು ಸಾಮಾನ್ಯ ಏರ್ ಕಾರ್ಗೋದಲ್ಲಿ ತಂದರೆ ಭಾಗಿಸುವುದು 6000ದಿಂದ, ಸ್ವಲ್ಪ ಉಳಿಯುತ್ತದೆ. ಆದರೆ ಅಲ್ಲಿ ಟರ್ಮಿನಲ್ ಚಾರ್ಜು, ನನ್ನಂಥವನ ಫೀಸು ಬೇರೆ ಸೇರುತ್ತದೆ. ಒಂದೇ ಒಂದು ಗಿಟಾರಿಗೆ ಆ ದಾರಿ ಗಿಟ್ಟುವುದಿಲ್ಲ ಎಂದು ನಾನೇ ಹೇಳಿ ಕಳಿಸುತ್ತೇನೆ.

ಇನ್ನು ಡ್ಯೂಟಿ. ಕಸ್ಟಮ್ಸ್ ಪಟ್ಟಿಯಲ್ಲಿ ಸಂಗೀತ ವಾದ್ಯಗಳಿಗೆ ಅಂತಲೇ ಒಂದು ಅಧ್ಯಾಯ ಇದೆ, 92. ಪಿಯಾನೊ 9201, ತಂತಿ ವಾದ್ಯ 9202, ಊದುವ ವಾದ್ಯ 9205, ಬಡಿಯುವ ವಾದ್ಯ 9206, ಕರೆಂಟಿನಿಂದ ದನಿ ಬರುವ ಕೀಬೋರ್ಡು, ಎಲೆಕ್ಟ್ರಿಕ್ ಗಿಟಾರ್ 9207. ಮೂಲ ಸುಂಕ ಶೇ. 10. ಆ ಸುಂಕದ ಮೇಲೆ ಇನ್ನೊಂದು ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಇಷ್ಟನ್ನೂ ಬೆಲೆಗೆ ಕೂಡಿಸಿ ಅದರ ಮೇಲೆ ಶೇ. 18 ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಹೌದು. ಒಟ್ಟು ಶೇ. 30.98ಕ್ಕೆ ಬಂದು ನಿಲ್ಲುತ್ತದೆ.

ಯಾವುದರ ಶೇ. 30.98? ಗಿಟಾರಿನ ಬೆಲೆಯ ಮೇಲಲ್ಲ. ಗಿಟಾರ್, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಅಂದರೆ ಡಬ್ಬಿ ದೊಡ್ಡದಾದರೆ ಸಾಗಣೆಯೂ ಜಾಸ್ತಿ, ಆ ಸಾಗಣೆಯ ಮೇಲೆ ಡ್ಯೂಟಿಯೂ ಜಾಸ್ತಿ. ಆದರೆ ಇದಕ್ಕೊಂದು ಮಿತಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 2007ರ ಮೌಲ್ಯಮಾಪನ ನಿಯಮದ ಪ್ರಕಾರ, ವಿಮಾನದಲ್ಲಿ ಬಂದ ವಸ್ತುವಿಗೆ ಸಾಗಣೆ ವೆಚ್ಚ ಎಷ್ಟೇ ಆಗಿರಲಿ, ವಸ್ತುವಿನ ಬೆಲೆಯ ಶೇ. 20ಕ್ಕಿಂತ ಜಾಸ್ತಿಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಹುಡುಗನ ಕಾಗದ ಬಿಡಿಸಿದಾಗ ಕಂಡಿದ್ದು ಅದೇ. 50,000ಕ್ಕೆ ಶೇ. 20 ಎಂದರೆ 10,000. ಕೊರಿಯರ್‌ನವರು ಪೂರ್ತಿ 14,000 ಸೇರಿಸಿದ್ದರು. ವಿಮೆಯ ಕಾಗದ ಇಲ್ಲದಿದ್ದರೆ ಬೆಲೆಯ ಶೇ. 1.125 ಹಿಡಿಯಬೇಕು, ಅದು ₹562.50, ಅದನ್ನು ಸರಿಯಾಗೇ ಹಿಡಿದಿದ್ದರು. ಸರಿ ಲೆಕ್ಕ ಹಾಕಿದರೆ ಮೊತ್ತ ₹60,562.50, ಡ್ಯೂಟಿ ₹18,762. ಡ್ಯೂಟಿ ಕಟ್ಟುವ ಮುಂಚೆ ನಿಯಮ ತೋರಿಸಿ ಕೊರಿಯರ್‌ನವರಿಗೆ ಒಂದು ಇಮೇಲ್ ಹಾಕಿಸಿದೆ. ಎರಡು ದಿನ ಬಿಟ್ಟು ತಿದ್ದಿದ ಬಿಲ್ ಬಂತು. ₹1,239 ಉಳಿಯಿತು. ದೊಡ್ಡ ಮೊತ್ತವೇನಲ್ಲ, ಆದರೆ ಒಂದೆರಡು ಸೆಟ್ ಒಳ್ಳೆ ತಂತಿಗೆ ಆಯಿತು.

ಕೊರಿಯರ್‌ನವರು ನಿಮ್ಮ ಪರವಾಗಿ ಡ್ಯೂಟಿ ಕಟ್ಟಿ, ಆ ಉಪಕಾರಕ್ಕೆ ಒಂದು ಫೀಸ್ ಹಾಕುತ್ತಾರೆ, ಆ ಫೀಸಿಗೆ ಜಿಎಸ್‌ಟಿ ಹಾಕುತ್ತಾರೆ. ಅದು ಸರ್ಕಾರದ ಡ್ಯೂಟಿ ಅಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ನೋಡಿ.

ಇನ್ನೊಂದು ತಿರುವು ಇದೆ. ಅಂಚೆಯಲ್ಲೋ ಕೊರಿಯರ್‌ನಲ್ಲೋ ಸ್ವಂತ ಬಳಕೆಗೆ ಬರುವ ವಸ್ತುಗಳಿಗೆ 9804 ಅಂತ ಬೇರೆಯೇ ಹೆಡಿಂಗ್, ಅಂದರೆ ಕಸ್ಟಮ್ಸ್ ಪಟ್ಟಿಯಲ್ಲಿ ಬೇರೆಯೇ ಸಂಖ್ಯೆ, ಇದೆ. ಅದರ ದರ ಬೇರೆ. ಮೂಲ ಸುಂಕ ಶೇ. 35, ಐಜಿಎಸ್‌ಟಿ ಶೇ. 28 ಇದ್ದ ಕಾಲದಲ್ಲಿ ಒಟ್ಟು ಶೇ. 77.28 ಆಗುತ್ತಿತ್ತು. ಅದೇ ಗಿಟಾರಿಗೆ ನಲವತ್ತಾರು ಸಾವಿರ ಚಿಲ್ಲರೆ! ಆಮೇಲೆ 20ಕ್ಕೆ ಇಳಿದಿದ್ದ ಈ ಹೆಡಿಂಗಿನ ಮೂಲ ಸುಂಕವನ್ನು 2026ರ ಬಜೆಟ್‌ನಲ್ಲಿ 10ಕ್ಕೆ ಇಳಿಸುವುದಾಗಿ ಹೇಳಿದರು. ಒಳ್ಳೇದೇ ಆಯಿತು. ಆದರೂ ನಿಮ್ಮ ವಾದ್ಯವನ್ನು ಯಾವ ಹೆಡಿಂಗಿನಲ್ಲಿ ಹಾಕಿದ್ದಾರೆ ಅಂತ ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ಕಾಗದದಲ್ಲಿ, ಕಣ್ಣಾಡಿಸಿ. ಇನ್‌ವಾಯ್ಸ್‌ನಲ್ಲಿ ಬರೀ "ಮ್ಯೂಸಿಕ್ ಐಟಂ" ಎಂದು ಗೀಚಿದ್ದರೆ ಅಧಿಕಾರಿ ತಾನೇ ಊಹಿಸಬೇಕಾಗುತ್ತದೆ. "ಅಕೌಸ್ಟಿಕ್ ಗಿಟಾರ್, ಮರದ್ದು, ಹೊಸದು, ಒಂದು" ಅಂತ ಬರೆಸಿ, ಪಕ್ಕದಲ್ಲಿ 9202 ಹಾಕಿಸಿ.

"ಗಿಫ್ಟ್ ಅಂತ ಬರೆಸಿಬಿಡಲಾ ಸಾರ್?" ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ₹5,000 ತನಕದ ಉಡುಗೊರೆಗೆ ಡ್ಯೂಟಿ ಇಲ್ಲದ ಕಾಲ ಒಂದಿತ್ತು. 2019ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು. ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ ಉಳಿದುಕೊಂಡವು. ಪಿಟೀಲು ರಾಖಿ ಅಲ್ಲವಲ್ಲ. ಬೆಲೆ ಕಡಿಮೆ ಬರೆಸುವ ಉಪಾಯವೂ ಬೇಡ. ಮಾಡೆಲ್ ನಂಬರ್ ವಾದ್ಯದ ಮೇಲೇ ಇರುತ್ತದೆ, ಅಧಿಕಾರಿಯ ಫೋನಿನಲ್ಲೂ ಗೂಗಲ್ ಇದೆ. ದಾರಿಯಲ್ಲಿ ಕುತ್ತಿಗೆ ಮುರಿದರೆ ವಿಮೆಯವರು ಕೊಡುವುದೂ ನೀವು ಬರೆಸಿದ ಆ ಸುಳ್ಳು ಬೆಲೆಯನ್ನೇ.

ಇಷ್ಟು ಒಳಗೆ ಬರುವ ವಾದ್ಯಗಳ ಮಾತಾಯಿತು. ನನಗೆ ಜಾಸ್ತಿ ಇಷ್ಟದ್ದು, ಜಾಸ್ತಿ ತಲೆನೋವಿನದ್ದೂ, ಹೊರಗೆ ಹೋಗುವ ವಾದ್ಯಗಳು. ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡಿನಲ್ಲಿರುವ ನಮ್ಮವರ ಮಕ್ಕಳು ವೀಣೆ, ಮೃದಂಗ ಕಲಿಯುತ್ತಾರೆ. ವಾದ್ಯ ಮಾತ್ರ ಇಲ್ಲಿಂದಲೇ ಹೋಗಬೇಕು.

ವೀಣೆಯನ್ನೇ ತೆಗೆದುಕೊಳ್ಳಿ. ಮೊದಲ ಸಲ ನನ್ನ ಹತ್ತಿರ ಬಂದ ವೀಣೆಯ ಪೆಟ್ಟಿಗೆ 140, 45, 45 ಇತ್ತು. ಲೆಕ್ಕಕ್ಕೆ 57 ಕಿಲೋ! ನಾನು ಸುಮ್ನೆ ಬಿಲ್ ಮಾಡಿ ಕಳಿಸಬಹುದಿತ್ತು. ಆದರೆ ಪೆಟ್ಟಿಗೆ ತೆಗೆಸಿ ನೋಡಿದೆ. ಸೋರೆ ಬುರುಡೆ ಇದ್ದಲ್ಲೇ ಇತ್ತು, ಅದಕ್ಕೋಸ್ಕರ ಪೆಟ್ಟಿಗೆ ಅಷ್ಟು ಎತ್ತರ. ದಂಡಿಯ ಪಕ್ಕದಲ್ಲಿ ಮಾತ್ರ ಮಗು ಮಲಗುವಷ್ಟು ಜಾಗ ಖಾಲಿ. ವೀಣೆ ಮಾಡಿದವರನ್ನೇ ಕರೆಸಿದೆ. ಅವರು ಬುರುಡೆಯನ್ನು ತಿರುಗಿಸಿ ಬಿಚ್ಚಿದರು, ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಆ ಖಾಲಿ ಜಾಗದಲ್ಲಿ ಕೂರಿಸಿದರು. ತಂತಿ ಸಡಿಲ ಮಾಡಿದರು, ಪೂರ್ತಿ ಬಿಡಲಿಲ್ಲ. ತಂತಿ ಹಾದುಹೋಗುವ ಕುದುರೆ ಅಲುಗಾಡದ ಹಾಗೆ ಅದರ ಅಡಿಗೆ ಬಟ್ಟೆ ಸಿಕ್ಕಿಸಿದರು. ಹೊಸ ಪೆಟ್ಟಿಗೆ 132, 42, 38 ಆಯಿತು. 42.5 ಕಿಲೋ. ಹದಿನಾಲ್ಕೂವರೆ ಕಿಲೋ ಗಾಳಿಯನ್ನು ಅಮೆರಿಕಕ್ಕೆ ಕಳಿಸುವುದು ತಪ್ಪಿತು. ಕಿಲೋಗೆ ₹600 ಅಂತ ಇಟ್ಟುಕೊಂಡರೂ ₹8,700.

ಹಡಗಿನಲ್ಲಿ ಕಳಿಸಿದರೆ ಅಗ್ಗ ಅಲ್ವಾ ಎನ್ನುತ್ತಾರೆ. ಮೃದಂಗ, ಹಾರ್ಮೋನಿಯಂ ಹತ್ತಾರು ಒಟ್ಟಿಗೆ ಹೋಗುವುದಾದರೆ ಸರಿ. ವೀಣೆಗೆ ನಾನು ಬೇಡ ಅಂತೀನಿ. ವೀಣೆಯ 24 ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಂತ ಕಬ್ಬಿಣದ ಕಂಟೇನರ್ ಒಳಗೆ ವಾರಗಟ್ಟಲೆ ಇದ್ದರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಮೇಳ ಕಟ್ಟುವವರು, ಅಂದರೆ ಮೆಟ್ಟಿಲನ್ನು ಮತ್ತೆ ಸ್ವರಕ್ಕೆ ಸರಿಯಾಗಿ ಕೂರಿಸುವವರು, ಆ ದೇಶದಲ್ಲಿ ಎಲ್ಲಿ ಸಿಗುತ್ತಾರೆ?

ಪೆಟ್ಟಿಗೆಯ ಮರದ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮೆಲ್ಬರ್ನ್‌ಗೆ ಹೋಗಬೇಕಿದ್ದ ತಂಬೂರಿಗೆ ಗಟ್ಟಿಯಾಗಿರಲಿ ಅಂತ ಹಲಗೆ ಪೆಟ್ಟಿಗೆ ಹೊಡೆಸಿದ್ದೆ. ಕಚ್ಚಾ ಮರದ ಪ್ಯಾಕಿಂಗ್ ಎಂದರೆ ಹುಳುವಿನ ಭಯ. ಅದಕ್ಕೆ ಅಂತಾರಾಷ್ಟ್ರೀಯ ನಿಯಮವೇ ಇದೆ. ಮರದ ತಿರುಳು 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಬೆಂದಿರಬೇಕು, ಪೆಟ್ಟಿಗೆಯ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರಬೇಕು. ನನ್ನ ಪೆಟ್ಟಿಗೆಗೆ ಮುದ್ರೆ ಇರಲಿಲ್ಲ. ಅಲ್ಲಿ ತಡೆದರು, ಅಲ್ಲೇ ಶುದ್ಧೀಕರಣ ಮಾಡಿಸಿದರು, ಖರ್ಚು ನನ್ನ ಕೈಯಿಂದ ಹೋಯಿತು. ಪ್ಲೈವುಡ್‌ಗೆ ಈ ನಿಯಮ ಇಲ್ಲ. ಅಂದಿನಿಂದ ಪ್ಲೈವುಡ್ ಬಿಟ್ಟರೆ ಬೇರೆ ಮಾತಿಲ್ಲ.

ವಾದ್ಯದ ಮೈಯಲ್ಲಿ ಏನಿದೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಬೀಟೆ ಮರದ ಇಡೀ ಕುಲವನ್ನು 2017ರ ಜನವರಿಯಲ್ಲಿ ಸೈಟಿಸ್ ಎಂಬ, ಅಳಿವಿನಂಚಿನ ಜೀವಿ, ಗಿಡಮರಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದಾಗ ಗಿಟಾರ್ ಮಾರುವವರು, ವೀಣೆ ಮಾಡುವವರು ಎಲ್ಲರೂ ಪರ್ಮಿಟ್ ಹಿಂದೆ ಓಡಿದರು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್‌ನ ಬೀಟೆ ಮಾತ್ರ ಮೊದಲ ಪಟ್ಟಿಯಲ್ಲೇ ಇದೆ, ಅದಕ್ಕೆ ಈ ವಿನಾಯಿತಿ ಇಲ್ಲ. ಹಳೇ ಗಿಟಾರ್ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ನಮ್ಮ ಅಜ್ಜಿಯ ಕಾಲದ ವೀಣೆಯಲ್ಲಿ ಆನೆದಂತದ ಕೆತ್ತನೆ ಇದ್ದರೆ ಅದು ಮನೆಯಲ್ಲೇ ಇರಲಿ. ಇನ್ನು ಖಂಜಿರ. ಹಳೇ ಖಂಜಿರಕ್ಕೆ ಹೊದಿಸಿರುವುದು ಉಡದ ಚರ್ಮ. ಉಡ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಪಾರ್ಸೆಲ್ ಮಾಡಿದರೆ ಸಿಕ್ಕಿಬೀಳುವುದು ವಾದ್ಯ ಅಲ್ಲ, ನೀವು. ಆಡಿನ ಚರ್ಮದ್ದೋ ಸಿಂಥೆಟಿಕ್‌ದೋ ಸಿಗುತ್ತದೆ, ಅದನ್ನೇ ಕಳಿಸಿ. ಆಸ್ಟ್ರೇಲಿಯಾಕ್ಕೆ ಮೃದಂಗ, ತಬಲಾ ಹೋಗುವಾಗ ಚರ್ಮದ ಮೇಲೆ ಒಂದು ಕೂದಲೂ ಉಳಿದಿರಬಾರದು. ನಾನು ಟಾರ್ಚ್ ಹಾಕಿ ನೋಡುತ್ತೇನೆ.

ಅಲ್ಲಿ ತೆರುವ ಡ್ಯೂಟಿ ಆಯಾ ದೇಶದ್ದು. ಅಮೆರಿಕಕ್ಕೆ 800 ಡಾಲರ್ ತನಕದ ಪಾರ್ಸೆಲ್ ಸುಂಕವಿಲ್ಲದೆ ಹೋಗುತ್ತಿತ್ತು. ಕೊಳಲು, ಮೃದಂಗ ಎಲ್ಲ ಅದರೊಳಗೇ ಬರುತ್ತಿದ್ದವು. 2025ರ ಆಗಸ್ಟ್ 29ಕ್ಕೆ ಅದು ನಿಂತಿತು. ಅದಕ್ಕೆ ನಾಲ್ಕು ದಿನ ಮೊದಲೇ ನಮ್ಮ ಅಂಚೆಯವರು ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು, ಆದರೆ ಡ್ಯೂಟಿಯನ್ನು ಕಳಿಸುವವರೇ ಇಲ್ಲಿ ಮುಂಗಡ ಕಟ್ಟಬೇಕು. ಆ ದರ ತಿಂಗಳುಗಳಲ್ಲಿ ಮೇಲೆ ಕೆಳಗೆ ಆಗಿದೆ. ಆದ್ದರಿಂದ ವಾದ್ಯಕ್ಕೆ ಅಡ್ವಾನ್ಸ್ ಕೊಡುವಾಗ ಕೇಳಿದ ದರ, ಅದು ತಯಾರಾಗುವಾಗ ಇರುತ್ತದೆ ಅಂದುಕೊಳ್ಳಬೇಡಿ. ಮಾರುವವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಡಿಡಿಪಿನಾ, ಡಿಎಪಿನಾ? ಮೊದಲನೆಯದಾದರೆ ಡ್ಯೂಟಿ ಅವರದು, ಎರಡನೆಯದಾದರೆ ಬಾಗಿಲಿಗೆ ಬಂದಾಗ ನಿಮ್ಮದು.

ಆ ಮೊದಲ ವೀಣೆ ಎರಡು ವರ್ಷದ ಮೇಲೆ ವಾಪಸ್ ಬಂತು, ಮೇಳ ಕಟ್ಟಿಸಲು. ಇಲ್ಲಿಂದ ಹೋದ ವಸ್ತು ಮೂರು ವರ್ಷದೊಳಗೆ ತಿರುಗಿ ಬಂದರೆ ಡ್ಯೂಟಿಯಲ್ಲಿ ರಿಯಾಯಿತಿ ಇದೆ. ಆದರೆ ಹೋದದ್ದೇ ಬಂದಿದೆ ಅಂತ ತೋರಿಸಬೇಕು. ಕಳಿಸುವಾಗ ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್‌ನ ಪ್ರತಿ ಇತ್ತು. ಕಳಿಸುವ ದಿನ ನಾನೇ ತೆಗೆದಿದ್ದ ಫೋಟೋ ಇತ್ತು. ವೀಣೆಯ ತುದಿಯಲ್ಲಿ ಕೆತ್ತಿದ ಯಾಳಿಯ ಮುಖದ ಎಡಗಿವಿಯಲ್ಲಿ ಸಣ್ಣದೊಂದು ಚಕ್ಕೆ ಎದ್ದಿದ್ದು ಅದರಲ್ಲಿ ಕಾಣುತ್ತಿತ್ತು. ಅಧಿಕಾರಿ ಫೋಟೋ ನೋಡಿದರು, ವೀಣೆಯ ಕಿವಿ ನೋಡಿದರು, ಸಹಿ ಹಾಕಿದರು.

ಪೆಟ್ಟಿಗೆ ನೋಡಿದರೆ ನಮ್ಮ ಪ್ಲೈವುಡ್‌ದಲ್ಲ, ಯಾವುದೋ ಹೊಸ ರಟ್ಟಿನ ಡಬ್ಬಿ. ಬುರುಡೆ ಬಿಚ್ಚದೆ ಹಾಗೇ ಕಳಿಸಿದ್ದರು. ಟೇಪ್ ತೆಗೆದು ಹಿಡಿದೆ. 140, 45, 45.