ಕಲ್ಲುಪ್ಪು ಕರಗಿಸಿದರೆ ಸಮುದ್ರದ ನೀರಾಗುತ್ತದೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಆರು ವರ್ಷಗಳಿಂದ ಗಪ್ಪಿ, ಏಂಜೆಲ್ ಮೀನುಗಳನ್ನು ಸಾಕುತ್ತಿದ್ದೇನೆ. ಈಗ ಸಮುದ್ರದ ನೀರಿನ ಒಂದು ಸಣ್ಣ ತೊಟ್ಟಿ ಮಾಡಿ, ಹವಳ ಮತ್ತು ಕ್ಲೌನ್ ಮೀನು ಇಡಬೇಕೆಂಬ ಆಸೆ. ಅಂಗಡಿಯವರು ಹೇಳಿದ ಖರ್ಚು ಕೇಳಿ ಹಿಂದೆ ಸರಿದಿದ್ದೆ. ಅಕ್ವೇರಿಯಂ ಉಪ್ಪಿನ ಬದಲು ಕಲ್ಲುಪ್ಪು ಹಾಕಬಾರದೇ? ಇಲ್ಲವೇ ಗೋಕರ್ಣಕ್ಕೆ ಹೋದಾಗ ಕ್ಯಾನ್‌ಗಳಲ್ಲಿ ನೀರು ತುಂಬಿಕೊಂಡು ಬರಬಾರದೇ? 20,000 ರೂಪಾಯಿಯೊಳಗೆ ಇದು ಸಾಧ್ಯವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಧ್ಯ. ಗಾಜು, ಪಂಪು, ದೀಪ, ಕಲ್ಲು, ಮರಳು, ಇವೆಲ್ಲದರಲ್ಲೂ ಕೈ ಬಿಗಿ ಹಿಡಿಯಬಹುದು. ನೀರಿನಲ್ಲಿ ಮಾತ್ರ ಹಿಡಿಯಬಾರದು. ನಿಮ್ಮ ಹಣದ ಅರ್ಧದಷ್ಟು ನೀರಿಗೇ ಹೋಗಲಿ: ಉಪ್ಪಿಗೆ, ನೀರು ಶುದ್ಧ ಮಾಡುವುದಕ್ಕೆ, ಅದನ್ನು ಅಳೆಯುವ ಸಲಕರಣೆಗೆ.

ಕಲ್ಲುಪ್ಪಿನ ಪ್ರಶ್ನೆಯನ್ನು ಬಹಳ ಮಂದಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಕಲ್ಲುಪ್ಪು ಬಂದದ್ದೇ ಸಮುದ್ರದಿಂದ; ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ಏಕೆ ಆಗಬಾರದು? ಮುಂದಿನ ಸಲ ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೋದಾಗ ಪಕ್ಕದ ಸಾಣಿಕಟ್ಟೆಯ ಉಪ್ಪಿನ ಆಗರದ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಅಘನಾಶಿನಿಯ ಅಳಿವೆಯಿಂದ ಬಂದ ಉಪ್ಪುನೀರು ಪಾತಿಯಿಂದ ಪಾತಿಗೆ ಸಾಗುತ್ತಾ ಬಿಸಿಲಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗೆ ಗಟ್ಟಿಯಾಗುವ ನೀರಿನಿಂದ ಎಲ್ಲ ಲವಣಗಳೂ ಒಟ್ಟಿಗೆ ಹೊರಬರುವುದಿಲ್ಲ. ಮೊದಲು ಸುಣ್ಣದ ಅಂಶ ತಳ ಸೇರುತ್ತದೆ, ಆಮೇಲೆ ಜಿಪ್ಸಂ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ನಾವು ಉಣ್ಣುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಹರಳುಗಟ್ಟುತ್ತದೆ. ಹರಳನ್ನು ಎಳೆದು ರಾಶಿ ಹಾಕಿದ ಮೇಲೂ ಪಾತಿಯಲ್ಲಿ ಕಹಿಯಾದ ನೀರು ಉಳಿಯುತ್ತದೆ. ಮೆಗ್ನೀಸಿಯಂ ಬಹುಪಾಲು ಇರುವುದು ಆ ಕಹಿ ನೀರಿನಲ್ಲಿ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ 30 ಗ್ರಾಂನಷ್ಟು ಸೋಡಿಯಂ ಮತ್ತು ಕ್ಲೋರೈಡ್. ಉಳಿದ 5 ಗ್ರಾಂನಲ್ಲಿ ಸಲ್ಫೇಟ್ ಇದೆ, ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇದೆ, 0.4 ಗ್ರಾಂನಷ್ಟು ಕ್ಯಾಲ್ಸಿಯಂ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಂ ಇದೆ. ಹವಳದ ಬದುಕು ನಿಂತಿರುವುದು ಈ 5 ಗ್ರಾಂ ಮೇಲೆ. ಕಲ್ಲುಪ್ಪಿನಲ್ಲಿ ಇಲ್ಲದಿರುವುದೂ ಇದೇ. ಹಾಗಾಗಿ ರೀಫ್ (ಹವಳದ) ತೊಟ್ಟಿಗೆಂದೇ ತಯಾರಿಸಿದ ಉಪ್ಪನ್ನೇ ಕೊಳ್ಳಿ. ಲೀಟರಿಗೆ 36ರಿಂದ 38 ಗ್ರಾಂ ಬೇಕು. 75 ಲೀಟರಿಗೆ ಮೊದಲ ಸಲ ಮೂರು ಕಿಲೋ ಹತ್ತಿರ. ಆಮೇಲೆ ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೂ ತಿಂಗಳಿಗೆ ಒಂದು ಕಿಲೋ ಚಿಲ್ಲರೆ. ಸಣ್ಣ ತೊಟ್ಟಿಯವರಿಗೆ ಇದು ಹೊರಲಾರದ ಖರ್ಚಲ್ಲ.

ಗೋಕರ್ಣದ ನೀರಿನ ಮಾತು ಬೇರೆ. ಅದು ನಿಜವಾದ ಸಮುದ್ರದ ನೀರೇ. ಆದರೆ ಗೋಕರ್ಣದ ಉತ್ತರಕ್ಕೆ ಗಂಗಾವಳಿ ಸಮುದ್ರ ಸೇರುತ್ತದೆ, ದಕ್ಷಿಣಕ್ಕೆ ಅಘನಾಶಿನಿ. ಮಳೆಗಾಲದಲ್ಲಿ ಈ ನದಿಗಳ ಸಿಹಿನೀರು ಕರಾವಳಿಯ ಉಪ್ಪನ್ನು ತೆಳುವಾಗಿಸುತ್ತದೆ, ಜೊತೆಗೆ ಕೆಸರು ತರುತ್ತದೆ. ಕರಾವಳಿಯಲ್ಲೇ ಮನೆ ಇರುವವರು ಜನವರಿಯಿಂದ ಏಪ್ರಿಲ್‌ವರೆಗೆ ಅಳಿವೆಯಿಂದ, ಬಂದರಿನಿಂದ ದೂರವಿರುವ ಕಡೆ ನೀರು ತಂದು, ಬಟ್ಟೆಯಲ್ಲಿ ಸೋಸಿ, ಕೆಲವು ವಾರ ಕತ್ತಲೆಯಲ್ಲಿಟ್ಟು ಬಳಸಬಹುದು. ಅವರಿಗೆ ಅದೇ ಅಗ್ಗ. ನೀವು ಪ್ರತಿ ತಿಂಗಳೂ ಘಟ್ಟ ಇಳಿದು, 20 ಕಿಲೋ ಮೀರಿದ ಕ್ಯಾನ್‌ಗಳನ್ನು ಹೊತ್ತು ಘಟ್ಟ ಹತ್ತುವುದಾದರೆ ಪೆಟ್ರೋಲಿನ ದುಡ್ಡಿನಲ್ಲಿ ಉಪ್ಪೇ ಬರುತ್ತದೆ.

ಇನ್ನು ಉಪ್ಪು ಕರಗಿಸುವ ನೀರು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಗಡಸುತನ ಮತ್ತು ನೈಟ್ರೇಟ್. ಕ್ಲೋರಿನ್ ಜೀವಿಗಳಿಗೆ ವಿಷ, ನೈಟ್ರೇಟ್ ಪಾಚಿಯ ಹಬ್ಬಕ್ಕೆ ದಾರಿ. ಮನೆಯ ಆರ್‌ಒ ಯಂತ್ರ ಇದ್ದರೆ ಸಾಕೆಂದು ಅನೇಕರು ನಂಬಿದ್ದಾರೆ. ಕುಡಿಯುವ ನೀರು ರುಚಿಯಾಗಲೆಂದು ಆ ಯಂತ್ರಗಳು ಸ್ವಲ್ಪ ಖನಿಜವನ್ನು ಉಳಿಸುತ್ತವೆ, ಇಲ್ಲವೇ ಮತ್ತೆ ಸೇರಿಸುತ್ತವೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ ನೋಡಿ: 50 ತೋರಿಸಬಹುದು, 100 ತೋರಿಸಬಹುದು. ನಮಗೆ ಬೇಕಾದದ್ದು ಸೊನ್ನೆಯ ಆಸುಪಾಸು. ಯಂತ್ರದ ಸೋಸುವ ಪೊರೆ (ಮೆಂಬ್ರೇನ್) ದಾಟಿ ಬಂದ ನೀರನ್ನು ಖನಿಜ ಸೇರುವ ಮೊದಲೇ ಹೊರತೆಗೆದು, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಅಯಾನೈಸಿಂಗ್ ರೆಸಿನ್ ತುಂಬಿದ ಒಂದು ಕೊಳವೆಯ ಮೂಲಕ ಹಾಯಿಸಿದರೆ ಕೆಲಸ ಮುಗಿಯಿತು. ಇದನ್ನು ಆರ್‌ಒ ದುರಸ್ತಿಯವರಿಂದ ಮಾಡಿಸಬಹುದು. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಶುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ಅದು ತಾಮ್ರದ ಸುರುಳಿಯ ಮೇಲೆ ಹರಿದು ಬರುತ್ತದೆ. ಹವಳ, ಬಸವನಹುಳು, ಸಿಗಡಿಗಳಿಗೆ ತಾಮ್ರ ಎಳ್ಳಷ್ಟಿದ್ದರೂ ವಿಷ. ಇದೇ ಕಾರಣಕ್ಕೆ, ಹಿಂದೆ ತಾಮ್ರದ ಔಷಧ ಹಾಕಿದ್ದ ನಿಮ್ಮ ಹಳೆಯ ತೊಟ್ಟಿಯನ್ನು ಇದಕ್ಕೆ ಬಳಸಬೇಡಿ.

ಬಕೆಟ್ಟಿಗೆ ಮೊದಲು ನೀರು, ಆಮೇಲೆ ಉಪ್ಪು. ಒಳಗೊಂದು ಸಣ್ಣ ಪಂಪು ಓಡಲಿ. ಮೊದಲು ಹಾಲು ಬೆರೆಸಿದಂತೆ ಕಾಣುವ ನೀರು ಕೆಲವು ಗಂಟೆಗಳಲ್ಲಿ ತಿಳಿಯಾಗುತ್ತದೆ. ಒಂದು ದಿನ ಬಿಟ್ಟು ಅಳೆಯಿರಿ. ಅಳೆಯಲು ತೇಲುವ ಮುಳ್ಳಿನ ಹೈಡ್ರೋಮೀಟರ್ ಬೇಡ, ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಅದು ಸುಳ್ಳು ಹೇಳುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಹಣ ಹಾಕಿ. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಕಿಟಕಿಯ ಕಡೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಸೇರುವ ಗೆರೆ 35ರ ಮೇಲೆ, ಅಂದರೆ ಕಿಲೋ ನೀರಿಗೆ 35 ಗ್ರಾಂ ಲವಣದ ಗುರುತಿನ ಮೇಲೆ, ಕೂರಬೇಕು. ಆ ಸಾಧನ ಸರಿಯಾಗಿದೆಯೇ ಎಂದು ಪರೀಕ್ಷಿಸುವ ದ್ರಾವಣವನ್ನು ಅಂಗಡಿಯಿಂದ ತರಬೇಕಾಗಿಲ್ಲ. ಅಡುಗೆಮನೆಯ ಪುಡಿಯುಪ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ: 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಉಪ್ಪು. ಬೆಳಕನ್ನು ಬಾಗಿಸುವ ಗುಣದಲ್ಲಿ ಈ ದ್ರಾವಣ 35ರ ಸಮುದ್ರದ ನೀರಿಗೆ ಸಮ. ಮೀಟರ್ ಬೇರೇನಾದರೂ ತೋರಿಸಿದರೆ ತಿರುಪು ತಿರುಗಿಸಿ 35ಕ್ಕೆ ತನ್ನಿ.

ತೊಟ್ಟಿ ಚಿಕ್ಕದಾದಷ್ಟೂ ಸುಲಭ, ಅಗ್ಗ ಎಂಬ ಎಣಿಕೆಯಲ್ಲಿ ನಾನೂ ಶುರುಮಾಡಿದ್ದು 25 ಲೀಟರಿನಿಂದ. ಒಂದು ಏಪ್ರಿಲ್‌ನಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬಂದಾಗ ನೀರು ಎರಡು ಬೆರಳು ಇಳಿದಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗೆರೆ 40ರ ಹತ್ತಿರ ನಿಂತಿತ್ತು. ಅಂಗೈಯಗಲ ಅರಳುತ್ತಿದ್ದ ಅಣಬೆ ಹವಳ ಹುಣಸೆಬೀಜದಷ್ಟಾಗಿ ಕಲ್ಲಿಗೆ ಕಚ್ಚಿಕೊಂಡಿತ್ತು. ಲೆಕ್ಕ ನೋಡಿ: 25 ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ 35 ಇದ್ದದ್ದು 36.5 ಆಗುತ್ತದೆ, 75 ಲೀಟರಿನಲ್ಲಾದರೆ 35.5 ಅಷ್ಟೇ. ಆದ್ದರಿಂದ ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯನ್ನು ಊರಿನ ಗಾಜಿನ ಕೆಲಸದವರಿಂದ ಮಾಡಿಸಿ. ಕಲ್ಲು ಕೂತ ಮೇಲೆ 70–75 ಲೀಟರ್ ನೀರು ಹಿಡಿಯುತ್ತದೆ. ಗಾಜಿನ ಹೊರಗೆ ಸ್ಕೆಚ್ ಪೆನ್ನಿನಿಂದ ಒಂದು ಗೆರೆ ಎಳೆದು, ದಿನವೂ ಆ ಗೆರೆಯವರೆಗೆ ಶುದ್ಧ ನೀರನ್ನು, ಉಪ್ಪುನೀರನ್ನಲ್ಲ, ತುಂಬಿ. ಇದೊಂದು ಅಭ್ಯಾಸಕ್ಕೆ ಖರ್ಚೇ ಇಲ್ಲ.

ಶಾಖದ ವಿಷಯದಲ್ಲಿ ಹುಬ್ಬಳ್ಳಿಯವರಾದ ನೀವು ಮಂಗಳೂರಿನವರಿಗಿಂತ ಅದೃಷ್ಟವಂತರು. ನೀರು 25ರಿಂದ 27 ಡಿಗ್ರಿ ಇರಬೇಕು. ಬೇಸಿಗೆಯಲ್ಲಿ ನಿಮ್ಮ ಗಾಳಿ ಒಣಗಿರುವುದರಿಂದ, ನೀರಿನ ಮೇಲ್ಮೈಗೆ ಬೀಸುವ ಒಂದು ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಕರಾವಳಿಯ ತೇವದ ಗಾಳಿಯಲ್ಲಿ ಇದು ಅಷ್ಟು ಫಲ ಕೊಡುವುದಿಲ್ಲ, ಅಲ್ಲಿ ನೀರು ತಣಿಸುವ ದುಬಾರಿ ಚಿಲ್ಲರ್ ಯಂತ್ರ ಬೇಕಾಗಬಹುದು. ಫ್ಯಾನ್ ಓಡಿದಷ್ಟೂ ನೀರು ಹೆಚ್ಚು ಆವಿಯಾಗುತ್ತದೆ ಎಂಬುದು ನೆನಪಿರಲಿ. ಡಿಸೆಂಬರ್ ರಾತ್ರಿಗಳಿಗೆ 100 ವಾಟ್ ಹೀಟರ್ ಸಾಕು.

ಸಲಕರಣೆಗಳ ಮಾತು ಚಿಕ್ಕದು. ಗಂಟೆಗೆ 1,200–1,500 ಲೀಟರ್ ತಳ್ಳುವ ಪವರ್‌ಹೆಡ್ (ತೊಟ್ಟಿಯೊಳಗೆ ನೀರನ್ನು ಅಲುಗಿಸುವ ಪಂಪು) ಒಂದು, ನೀಲಿ ಮತ್ತು ಬಿಳಿ ಬೆಳಕಿನ ಸಾಧಾರಣ ಎಲ್‌ಇಡಿ ಒಂದು, ದಿನಕ್ಕೆ ಎಂಟು ಗಂಟೆ. ವಾರವಾರ ನೀರು ಬದಲಿಸುವುದಾದರೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಬೇಡ. ಮರಳೂ ಬೇಡ, ಬರಿಯ ಗಾಜಿನ ತಳ ಗುಡಿಸಲು ಸುಲಭ. ಕರೆಂಟ್ ಹೋದಾಗ ಪವರ್‌ಹೆಡ್ ಮಾತ್ರ ಇನ್ವರ್ಟರ್ ಮೇಲೆ ಓಡಲಿ. ನೀರು ಅಲುಗದಿದ್ದರೆ ಆಮ್ಲಜನಕ ಇಳಿಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಆದ್ದರಿಂದ ಅರ್ಥಿಂಗ್ ಸರಿಯಿರುವ ಪ್ಲಗ್ಗನ್ನು ತೊಟ್ಟಿಗಿಂತ ಎತ್ತರದಲ್ಲಿಡಿ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಿದರೆ ಅದರ ಮೇಲೆ ಜಾರುವ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಈಗ ಹವಳ. ಇಲ್ಲಿ ದಯವಿಟ್ಟು ಗಮನವಿಟ್ಟು ಓದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಮತ್ತು ಎಲ್ಲ ಸಮುದ್ರಕುದುರೆಗಳು ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಸತ್ತ ಹವಳದ ತುಂಡಿಗೂ ಇದು ಅನ್ವಯ. ಆದ್ದರಿಂದ ಅಂಗಡಿಯಲ್ಲಿ ‘ಲೈವ್ ರಾಕ್’ ಎಂದು ಕೊಡುವ, ಹವಳದ ದಿಬ್ಬದಿಂದ ಕಿತ್ತ ಕಲ್ಲು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳಗಳಿವೆ. ಅವನ್ನು ಮುಳುಗಿ ನೋಡಿ ಬರಬೇಕು, ಮುಟ್ಟಬಾರದು. ನಿಮ್ಮ ತೊಟ್ಟಿಗೆ ಸಣ್ಣ ರಂಧ್ರಗಳಿರುವ ಸೆರಾಮಿಕ್ ಕಲ್ಲು ಏಳೆಂಟು ಕಿಲೋ ಸಾಕು.

ಅದರ ಮೇಲೆ ಬೆಳೆಸಲು ಮೃದು ಹವಳಗಳಿವೆ: ಅಣಬೆ ಹವಳ, ಚರ್ಮದಂತಿರುವ ಲೆದರ್ ಹವಳ, ಕೈಬೆರಳು ಮುಚ್ಚಿ ತೆರೆದಂತೆ ಮಿಡಿಯುವ ಝೀನಿಯಾ. ಇವು ಸುಣ್ಣದ ಅಸ್ಥಿಪಂಜರ ಕಟ್ಟುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಸುರಿಯುತ್ತಾ ಕೂರುವ ಖರ್ಚಿಲ್ಲ, ಪ್ರಖರ ದೀಪವೂ ಬೇಡ. ಬೇರೆಯವರ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡನ್ನೇ ಕೇಳಿ ತನ್ನಿ, ಬಿಲ್ಲು ಇಟ್ಟುಕೊಳ್ಳಿ. ಗುಂಡಿಗಳ ಗೊಂಚಲಿನಂತೆ ಕಾಣುವ ಜೋವಾಂಥಿಡ್‌ಗಳು ಬಲು ಚೆಂದ, ಆದರೆ ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಮನೆಯಲ್ಲಿ ಮಕ್ಕಳಿದ್ದರೆ ಅವನ್ನು ತರಲೇಬೇಡಿ. ತಂದವರು ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಅವು ಅಂಟಿರುವ ಕಲ್ಲನ್ನು ಎಂದಿಗೂ ಕುದಿಸಬಾರದು. ಆವಿಯೇ ಆಸ್ಪತ್ರೆ ಸೇರಿಸುತ್ತದೆ.

ಕಲ್ಲು, ನೀರು, ಪಂಪು ಕೂಡಿದ ಮೇಲೆ ನಾಲ್ಕರಿಂದ ಆರು ವಾರ ಯಾವ ಜೀವವನ್ನೂ ಬಿಡಬೇಡಿ. ಉಗುರಿನಷ್ಟು ಸಿಗಡಿ ತುಂಡು ಹಾಕಿ ಕೊಳೆಯಲು ಬಿಡಿ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಸಿಹಿನೀರಿನಲ್ಲಿ ನೀವು ಕಂಡದ್ದೇ ಇದು, ಇಲ್ಲಿ ಸ್ವಲ್ಪ ನಿಧಾನ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಎರಡು ಮೂರು ಬಸವನಹುಳು. ಈ ನಡುವೆ ಗಾಜಿನ ಮೇಲೆಲ್ಲ ಕಂದು ಪಾಚಿ ಕವಿದು ಎದೆಗುಂದಿಸುತ್ತದೆ. ಔಷಧ ಹಾಕಬೇಡಿ, ಅದು ಬಂದು ಹೋಗುವಂಥದ್ದು. ಕಾಯುವ ಈ ದಿನಗಳಿಂದ ಜೇಬಿಗೂ ಅನುಕೂಲವಿದೆ, ಖರ್ಚು ನಾಲ್ಕೈದು ತಿಂಗಳಿಗೆ ಹಂಚಿಹೋಗುತ್ತದೆ. ಮೂರನೆಯ ತಿಂಗಳಿಗೆ ಮೊದಲ ಅಣಬೆ ಹವಳ, ನಾಲ್ಕನೆಯ ತಿಂಗಳಿಗೆ ಮೀನು ಎಂದಿಟ್ಟುಕೊಳ್ಳಿ.

ಮೀನು ಎರಡೇ ಎರಡು, ಅದೂ ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನು. ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿ ವರ್ಷಗಳೇ ಆಗಿವೆ. ಸಮುದ್ರದಿಂದ ಹಿಡಿದು ತಂದ ಮೀನು ಕೊಳ್ಳುವ ಅಗತ್ಯವಿಲ್ಲ. ಇವಕ್ಕೆ ಸಮುದ್ರದಲ್ಲಿ ಆಸರೆ ಕೊಡುವ ಅನಿಮೋನ್ ಎಂಬ ಜೀವಿ ಇರಲೇಬೇಕು ಎಂಬುದೂ ನಿಜವಲ್ಲ, ಲೆದರ್ ಹವಳದ ಮಡಿಲಲ್ಲೂ ಮಲಗುತ್ತವೆ. ಒಂದು ಅಡಿಯವರೆಗೆ ಬೆಳೆಯುವ ನೀಲಿ ಟ್ಯಾಂಗ್ ಮೀನನ್ನು ಮಕ್ಕಳು ಎಷ್ಟು ಕೇಳಿದರೂ ಈ ತೊಟ್ಟಿಗೆ ತರಬೇಡಿ. ಕ್ಲೌನ್ ಮೀನುಗಳನ್ನು ಆರಿಸುವಾಗ ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಚಿಕ್ಕದು ಇರುವಂತೆ ನೋಡಿಕೊಳ್ಳಿ. ಇವುಗಳಲ್ಲಿ ಹುಟ್ಟಾ ಹೆಣ್ಣೆಂಬುದಿಲ್ಲ. ಕೆಲವು ತಿಂಗಳಲ್ಲಿ ದೊಡ್ಡದು ಇನ್ನಷ್ಟು ಬೆಳೆದು ಹೆಣ್ಣಾಗುತ್ತದೆ; ಚಿಕ್ಕದು ಅದರ ಮುಂದೆ ಮೈ ನಡುಗಿಸಿ ಶರಣಾಗುತ್ತಾ ಗಂಡಾಗಿ ಉಳಿಯುತ್ತದೆ. ಒಂದೇ ಗಾತ್ರದ ಎರಡನ್ನು ತಂದರೆ ದೊಡ್ಡವರು ಯಾರೆಂಬುದು ತೀರ್ಮಾನವಾಗುವವರೆಗೆ ಕಚ್ಚಾಡುತ್ತವೆ.