ಕಾಯುವ ಕೆಲಸ ಯಾರದ್ದು? ನಾನ್-ಬ್ಲಾಕಿಂಗ್ ಐಒ ನಡೆದು ಬಂದ ದಾರಿ

ಐಒ ಅಂದರೆ ಡೇಟಾ ಓದುವುದು, ಬರೆಯುವುದು. ಪ್ರೋಗ್ರಾಮ್ ಒಂದು ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ಈ ಕಡೆಯ ತುದಿ) ಮೇಲೆ ಡೇಟಾ ಓದಲು 'ರೀಡ್' ಕರೆಯುತ್ತದೆ. ಡೇಟಾ ಇನ್ನೂ ಬಂದಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಆ ಪ್ರೋಗ್ರಾಮನ್ನು ಅಲ್ಲೇ ಮಲಗಿಸಿ, ಡೇಟಾ ಬಂದ ಮೇಲೆ ಎಬ್ಬಿಸುತ್ತದೆ. ಇದು ಬ್ಲಾಕಿಂಗ್. ಕನೆಕ್ಷನ್ ಒಂದೇ ಇದ್ದರೆ ಇದರಷ್ಟು ಸಲೀಸಾದದ್ದು ಬೇರೆ ಇಲ್ಲ.

ಎರಡನೇ ಕನೆಕ್ಷನ್ ಬಂದಾಗ ತಲೆನೋವು ಶುರು. ಮೊದಲನೆಯದರ ಮುಂದೆ ಮಲಗಿದ್ದರೆ ಇದನ್ನು ವಿಚಾರಿಸುವವರು ಯಾರು? ಕನೆಕ್ಷನ್‌ಗೊಂದು ಥ್ರೆಡ್ (ಪ್ರೋಗ್ರಾಮ್ ಒಳಗೇ ಬೇರೆಯಾಗಿ ನಡೆಯುವ ಕೆಲಸದ ಎಳೆ) ಕೊಡಬಹುದು. ಇಲ್ಲವೇ ಸಾಕೆಟನ್ನು ನಾನ್-ಬ್ಲಾಕಿಂಗ್ ಮಾಡಬಹುದು. ಆಗ ರೀಡ್ ಮಲಗುವುದಿಲ್ಲ. ಡೇಟಾ ಇಲ್ಲದಿದ್ದರೆ ತಕ್ಷಣ -1 ಕೊಟ್ಟು, 'ಇಎಗೇನ್' ಅನ್ನುತ್ತದೆ. ಅಂದರೆ 'ಆಮೇಲೆ ಬಾ'. ಎರರ್ ಪಟ್ಟಿಯಲ್ಲಿದ್ದರೂ ಅದು ತಪ್ಪೇನಲ್ಲ. ಇದು ಗೊತ್ತಿಲ್ಲದೆ ಚೆನ್ನಾಗಿದ್ದ ಕನೆಕ್ಷನ್‌ಗಳನ್ನು ಮುಚ್ಚಿಬಿಟ್ಟವರಲ್ಲಿ ನಾನೂ ಒಬ್ಬ.

ಹಾಗಂತ ಸುಮ್ನೆ ಕೇಳುತ್ತಲೇ ಇದ್ದರೆ ಸಿಪಿಯು ಅದಕ್ಕೇ ಸವೆದುಹೋಗುತ್ತದೆ, ಅಲ್ವಾ? 1983ರಲ್ಲಿ 4.2ಬಿಎಸ್‌ಡಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ 'ಸೆಲೆಕ್ಟ್' ತಂದಿತು. ಸಾಕೆಟ್‌ಗಳ ಪಟ್ಟಿ ಕೊಟ್ಟು, ಯಾವುದಾದರೂ ಒಂದು ಸಿದ್ಧವಾದಾಗ ಎಬ್ಬಿಸು ಅಂತ ಹೇಳಿ ಮಲಗಬಹುದು. ಆದರೆ ಪ್ರತಿ ಸಲವೂ ಇಡೀ ಪಟ್ಟಿ ಕೊಡಬೇಕು. ಕರ್ನಲ್ ಅದನ್ನು ಪೂರ್ತಿ ನೋಡುತ್ತದೆ, ಎದ್ದ ಮೇಲೆ ಪ್ರೋಗ್ರಾಮ್ ಮತ್ತೊಮ್ಮೆ ನೋಡುತ್ತದೆ. ಮೇಲಾಗಿ ಲಿನಕ್ಸ್‌ನಲ್ಲಿ 1024ರ ಮಿತಿ ಬೇರೆ. ಆಮೇಲೆ ಬಂದ 'ಪೋಲ್' ಮಿತಿ ತೆಗೆಯಿತು, ತಡಕಾಟ ತಪ್ಪಿಸಲಿಲ್ಲ.

1999ರಲ್ಲಿ ಪ್ರೋಗ್ರಾಮರ್ ಡಾನ್ ಕೆಗೆಲ್ ಈ ಕಷ್ಟಕ್ಕೆ 'ಸಿ10ಕೆ' ಅಂತ ಹೆಸರಿಟ್ಟರು: ಒಂದೇ ಸರ್ವರ್ 10,000 ಕನೆಕ್ಷನ್ ನಿಭಾಯಿಸಬೇಕು. ಅದಕ್ಕೆ ಬೇಕಾದ ಹಾರ್ಡ್‌ವೇರ್ ಆಗಲೇ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿಗೆ 'ಕೆಕ್ಯೂ', 2002ರಲ್ಲಿ ಲಿನಕ್ಸ್‌ಗೆ 'ಈಪೋಲ್' ಬಂದವು. ಈಗ ಪಟ್ಟಿ ಕರ್ನಲ್ ಹತ್ತಿರವೇ ಉಳಿಯುತ್ತದೆ, ಸಿದ್ಧವಾದವುಗಳ ಹೆಸರು ಮಾತ್ರ ಹೊರಗೆ ಬರುತ್ತದೆ. ವೆಬ್ ಸರ್ವರ್ ಎಂಜಿನ್‌ಎಕ್ಸ್ (2004), ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ (2009) ನಿಂತಿರುವುದು ಇದರ ಮೇಲೆ.

ಫೈಲ್‌ಗಳ ಕಥೆಯೇ ಬೇರೆ. ಸೆಲೆಕ್ಟ್, ಪೋಲ್ ಎರಡರ ಲೆಕ್ಕದಲ್ಲೂ ಡಿಸ್ಕ್‌ನಲ್ಲಿರುವ ಫೈಲ್ ಯಾವಾಗಲೂ 'ಸಿದ್ಧ'. ಓದಲು ಹೋದರೆ ಡಿಸ್ಕ್ ಕಾಯಿಸುತ್ತದೆ. ನಾನ್-ಬ್ಲಾಕಿಂಗ್ ಅಂತ ಗುರುತು ಹಾಕಿದರೂ ಅಷ್ಟೇ. ಅದಕ್ಕೇ ಥ್ರೆಡ್ ಬೇಡವೆಂದು ಹೆಸರು ಮಾಡಿದ ನೋಡ್, ಫೈಲ್ ಓದಲು ಒಳಗೊಳಗೇ 4 ಥ್ರೆಡ್ ಇಟ್ಟುಕೊಂಡಿದೆ.

2019ರಲ್ಲಿ ಯೆನ್ಸ್ ಆಕ್ಸ್‌ಬೋ ಬರೆದ 'ಐಒ ಯೂರಿಂಗ್' ಲಿನಕ್ಸ್ 5.1ಕ್ಕೆ ಸೇರಿತು. ಇದರಲ್ಲಿ 'ಸಿದ್ಧವಿದೆಯಾ' ಅಂತ ಕೇಳುವುದಿಲ್ಲ, 'ಓದಿ ಮುಗಿಸಿ ತಿಳಿಸು' ಅಂತ ಚೀಟಿ ಹಾಕುತ್ತೇವೆ. ಫೈಲ್‌ಗೂ ಸರಿ, ಸಾಕೆಟ್‌ಗೂ ಸರಿ. ಲಿನಕ್ಸ್‌ನವರಿಗೆ ಇದು ಹೊಸದು ಅನ್ನಿಸಿದರೂ, ವಿಂಡೋಸ್ ಎನ್‌ಟಿ 3.5 ಇದೇ ಧಾಟಿಯ ಕಂಪ್ಲೀಷನ್ ಪೋರ್ಟ್ ತಂದದ್ದು 1994ರಲ್ಲಿ.

ಇತ್ತ ಕೋಡ್ ಬರೆಯುವವರು ಕಾಲ್‌ಬ್ಯಾಕ್ ('ಮುಗಿದ ಮೇಲೆ ಇದನ್ನು ಕರೆ' ಅಂತ ಕೊಟ್ಟಿಡುವ ಫಂಕ್ಷನ್) ಸಿಕ್ಕುಗಳಿಂದ ಬೇಸತ್ತಿದ್ದರು. 2023ರ ಜಾವಾ 21ರ ವರ್ಚುವಲ್ ಥ್ರೆಡ್‌ನಲ್ಲಿ (ಅಸಲಿ ಥ್ರೆಡ್‌ಗಳ ಮೇಲೆ ಜಾವಾ ತಾನೇ ಓಡಿಸುವ ಹಗುರ ಥ್ರೆಡ್) ಮತ್ತೆ ಹಳೇ ಬ್ಲಾಕಿಂಗ್ ರೀಡನ್ನೇ ಬರೆಯುತ್ತೇವೆ. ಸಾಕೆಟ್ ಆದರೆ ಅಡಿಯಲ್ಲಿ ಈಪೋಲ್ ನೋಡಿಕೊಳ್ಳುತ್ತದೆ. ಫೈಲ್ ಆದರೆ, ಅಡಿಯಲ್ಲಿರುವ ಅಸಲಿ ಥ್ರೆಡ್ ಇನ್ನೂ ಡಿಸ್ಕ್ ಮುಂದೆ ಕಾಯುತ್ತಾ ನಿಂತಿರುತ್ತದೆ.